ಗೋಕಾಕದ ಪಿನ್‌ಕೋಡ್ ಅವಿಭಾಜ್ಯವೇ?

ಪ್ರಶ್ನೆ: ನಮ್ಮ ಗೋಕಾಕದ ಪಿನ್‌ಕೋಡ್ 591307. ನಾನು ಕಲಿತ ಯಾವ ಮಗ್ಗಿಯಲ್ಲೂ ಇದು ಬರುವುದಿಲ್ಲ. ಇದು ಅವಿಭಾಜ್ಯ ಸಂಖ್ಯೆಯೇ? ಹುಕ್ಕೇರಿ, ಮೂಡಲಗಿಯ ಸಂಖ್ಯೆಗಳು ಹೇಗೆ?

ಉತ್ತರ: ಅವಿಭಾಜ್ಯವಲ್ಲ. ಆದರೆ ನಿಮಗೆ ಹಾಗೆ ಅನ್ನಿಸಿದ್ದು ಸಹಜ. ಕೊನೆಯ ಅಂಕಿ 7 ಆದ್ದರಿಂದ 2 ಮತ್ತು 5ರ ಮಾತೇ ಇಲ್ಲ. ಅಂಕಿಗಳನ್ನು ಕೂಡಿದರೆ 25, ಹಾಗಾಗಿ 3ರಿಂದಲೂ ಭಾಗ ಹೋಗದು. 7, 11, 13, 17, 19 ಎಲ್ಲದರಲ್ಲೂ ಶೇಷ ಉಳಿಯುತ್ತದೆ. ಇಪ್ಪತ್ತರ ಮಗ್ಗಿಗೆ ನಿಂತವರಿಗೆ ಇದು ಅವಿಭಾಜ್ಯವೆಂದೇ ತೋರುತ್ತದೆ. ಅದರ ಮುಂದಿನ ಅವಿಭಾಜ್ಯ 23ಕ್ಕೆ ಬಂದಾಗ ಗಂಟು ಬಿಚ್ಚಿಕೊಳ್ಳುತ್ತದೆ: 23 × 25709. ಆ 25709 ಕೂಡ 47 × 547 ಆಗಿ ಒಡೆಯುತ್ತದೆ. ಈ ಮೂರನ್ನೂ ಇನ್ನು ಒಡೆಯಲಾಗದು.

ಎಷ್ಟು ದೂರ ಹುಡುಕಬೇಕು ಎಂಬುದಕ್ಕೆ ಗಡಿ ಇದೆ. 769ರ ವರ್ಗ 591361, ಅಂದರೆ ನಿಮ್ಮ ಸಂಖ್ಯೆಗಿಂತ ದೊಡ್ಡದು. ಎರಡು ಅಪವರ್ತನಗಳೂ 769 ಅಥವಾ ಅದಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ. ಅದಕ್ಕಿಂತ ಚಿಕ್ಕ 135 ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ಸಾಕು. ನಿಮಗೆ ಒಂಬತ್ತನೆಯದರಲ್ಲೇ ಉತ್ತರ ಸಿಕ್ಕಿತು.

ನನಗೆ ತುಂಬ ಹಿಡಿಸಿದ್ದು 23 ಮತ್ತು 47ರ ಜೋಡಿ. 2ನ್ನು ಇಮ್ಮಡಿಸಿ 1 ಕೂಡಿಸಿ, 5 ಬರುತ್ತದೆ. ಹಾಗೆಯೇ ಮುಂದುವರಿಸಿದರೆ 11, 23, 47. ಎಲ್ಲವೂ ಅವಿಭಾಜ್ಯ. ಮುಂದಿನದು 95, ಅಲ್ಲಿ ಸರಪಳಿ ಕಡಿಯುತ್ತದೆ. 23ರಂಥ, ಇಮ್ಮಡಿಸಿ 1 ಕೂಡಿಸಿದರೂ ಅವಿಭಾಜ್ಯವೇ ಸಿಗುವ ಅವಿಭಾಜ್ಯಗಳಿಗೆ ಫ್ರಾನ್ಸಿನ ಗಣಿತಜ್ಞೆ ಸೋಫಿ ಜರ್ಮೇನ್ ಅವರ ಹೆಸರಿದೆ. ಗಣಿತಜ್ಞ ಫರ್ಮಾನ ಕೊನೆಯ ಪ್ರಮೇಯದ ಬೆನ್ನು ಹತ್ತಿದಾಗ ಆಕೆ ಇವನ್ನು ಬಳಸಿದರು. ಆ ಸರಪಳಿಯ ಕೊನೆಯ ಎರಡು ಕೊಂಡಿಗಳು ಗೋಕಾಕಕ್ಕೆ ಬರುವ ಪ್ರತಿ ಲಕೋಟೆಯ ಮೇಲೂ ಇವೆ.

ಹುಕ್ಕೇರಿಯದು 591309. ಅಂಕಿಗಳ ಮೊತ್ತ 27, ಆದ್ದರಿಂದ 9ರಿಂದ ಭಾಗ ಹೋಗುತ್ತದೆ. ಉಳಿಯುವ 65701 ಅವಿಭಾಜ್ಯ. ಮೂಡಲಗಿಯ 591312 ಮಾತ್ರ ಸಲೀಸಾಗಿ ಚೂರಾಗುತ್ತದೆ: 2 × 2 × 2 × 2 × 3 × 97 × 127. ಗೋಕಾಕದ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 8, ಹುಕ್ಕೇರಿಯದನ್ನು 6, ಮೂಡಲಗಿಯದನ್ನು 40!

ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆಗೆ, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಗೆ. ಹೀಗಾಗಿ ಒಂದೇ ಸೀಮೆಯ ಊರುಗಳ ಸಂಖ್ಯೆಗಳು ಹತ್ತಿರ ಹತ್ತಿರ. ಆದರೆ ಅವುಗಳ ಅಪವರ್ತನಗಳಿಗೆ ಈ ನೆರೆತನ ಗೊತ್ತಿಲ್ಲ. ಎರಡು ಸಂಖ್ಯೆಗಳನ್ನು ಭಾಗಿಸುವುದು ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. ಹುಕ್ಕೇರಿ, ಮೂಡಲಗಿಗಳ ವ್ಯತ್ಯಾಸ 3. ಎರಡಕ್ಕೂ ಸಾಮಾನ್ಯವಾದ ಅಪವರ್ತನವೂ 3. ಗೋಕಾಕ, ಮೂಡಲಗಿಗಳ ವ್ಯತ್ಯಾಸ 5, ಆದರೆ ಎರಡೂ ಸೊನ್ನೆಯಿಂದಾಗಲಿ 5ರಿಂದಾಗಲಿ ಮುಗಿಯುವುದಿಲ್ಲ. ಪ್ರತ್ಯೇಕ ತಾಲ್ಲೂಕಾಗುವ ಮೊದಲು ಮೂಡಲಗಿ ಗೋಕಾಕ ತಾಲ್ಲೂಕಿನದೇ ಊರು. ಆದರೂ ಈ ಎರಡು ಸಂಖ್ಯೆಗಳ ನಡುವೆ 1ನ್ನು ಬಿಟ್ಟರೆ ಯಾವ ಪಾಲುದಾರಿಕೆಯೂ ಇಲ್ಲ.