ಕೀನ್ಯಾದ ತಿಂಡಿಗೆ ಒಗ್ಗರಣೆ ಬೇಡ

ಪ್ರಶ್ನೆ: ಮಗನ ಸಂಸಾರ ನೈರೋಬಿಯಲ್ಲಿದೆ. ರಜೆಗೆ ಬರುವ ಮೊಮ್ಮಕ್ಕಳಿಗೆ ಅಲ್ಲಿನ ತಿಂಡಿಯನ್ನೇ ಮಾಡಿಕೊಡುವಾಸೆ. ನಮ್ಮಲ್ಲಿ ಮೊಟ್ಟೆಯೂ ನಡೆಯದು. ಏನು ಮಾಡಲಿ?
– ಓದುಗರು, ಧಾರವಾಡ

ಉತ್ತರ: ಯಾವುದನ್ನೂ ಬದಲಿಸುವ ಗೋಜಿಲ್ಲ. ಮೊಂಬಾಸಾ ಕಡೆಯ ಕರಾವಳಿಯವರ ಅಚ್ಚುಮೆಚ್ಚಿನ ತಿಂಡಿಯೆಂದರೆ ಮಹಮ್ರಿ ಮತ್ತು ಮ್ಬಾಜಿ. ಮಹಮ್ರಿ ಎಂದರೆ ತೆಂಗಿನಹಾಲು, ಏಲಕ್ಕಿ, ಯೀಸ್ಟ್ ಬೆರೆಸಿದ ಮೈದಾ ಹಿಟ್ಟನ್ನು ಹುದುಗಿಸಿ ಕರಿದದ್ದು. ಮ್ಬಾಜಿ, ತೆಂಗಿನಹಾಲಿನಲ್ಲಿ ಬೆಂದ ತೊಗರಿಕಾಳು. ಒಳನಾಡಿನಲ್ಲಾದರೆ ಊಜಿ ಎಂಬ ಗಂಜಿ, ಬೇಯಿಸಿದ ಗೆಣಸು ಅಥವಾ ಕೆಸುವಿನ ಗಡ್ಡೆ, ಜೊತೆಗೆ ಹಾಲು ಹಾಕಿ ಕುದಿಸಿದ ಚಹಾ. ಮಹಮ್ರಿಯನ್ನೇ ಹೋಲುವ ಮಂದಾಜಿ ಎಂಬ ಕರಿದ ತಿಂಡಿಗೆ ಕೆಲವರು ಮೊಟ್ಟೆ ಹಾಕುವುದುಂಟು. ಮಹಮ್ರಿಗೆ ಅದು ಬೇಕಿಲ್ಲ.

ಪ್ರಶ್ನೆ: ನಾನು ಕರಿದ ಮಹಮ್ರಿ ಉಬ್ಬಲೇ ಇಲ್ಲ, ಎಣ್ಣೆ ಬೇರೆ ಕುಡಿದಿತ್ತು. ಎಲ್ಲಿ ತಪ್ಪಿದೆ?
– ಓದುಗರು, ಉಡುಪಿ

ಉತ್ತರ: ಎಣ್ಣೆ ಸಾಕಷ್ಟು ಕಾದಿರಲಿಕ್ಕಿಲ್ಲ, ಹಿಟ್ಟೂ ಗಟ್ಟಿಯಾಗಿತ್ತೇನೋ. 2 ಕಪ್ ಮೈದಾಕ್ಕೆ ಕಾಲು ಕಪ್ ಸಕ್ಕರೆ, 1 ಚಮಚ ಒಣ ಯೀಸ್ಟ್, ಅರ್ಧ ಚಮಚ ಏಲಕ್ಕಿ ಪುಡಿ ಸೇರಿಸಿ. ಮುಕ್ಕಾಲು ಕಪ್ಪಿನಷ್ಟು ಉಗುರುಬೆಚ್ಚಗಿನ ಗಟ್ಟಿ ತೆಂಗಿನಹಾಲನ್ನು ಸ್ವಲ್ಪಸ್ವಲ್ಪವೇ ಹಾಕುತ್ತ 10 ನಿಮಿಷ ನಾದಿ. ಚಪಾತಿ ಹಿಟ್ಟಿಗಿಂತ ಮೆತ್ತಗಿರಬೇಕು. ಅದು ಎರಡರಷ್ಟಾದ ಮೇಲೆ ಉಂಡೆ ಮಾಡಿ, ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, ನಾಲ್ಕು ಭಾಗವಾಗಿ ಕತ್ತರಿಸಿ. ಆ ತ್ರಿಕೋನಗಳನ್ನು 15 ನಿಮಿಷ ಬಿಟ್ಟು ನಡು ಉರಿಯಲ್ಲಿ ಕರಿಯಿರಿ. ಮೇಲೆ ಬಿಸಿ ಎಣ್ಣೆ ಚಿಮುಕಿಸುತ್ತಿದ್ದರೆ ಒಳಗೆ ಟೊಳ್ಳಾಗಿ ಉಬ್ಬುತ್ತವೆ.

ಪ್ರಶ್ನೆ: ಮ್ಬಾಜಿಗೆ ತೊಗರಿಬೇಳೆ ಆದೀತೇ? ಸಾಸಿವೆ, ಕರಿಬೇವಿನ ಒಗ್ಗರಣೆ ಯಾವಾಗ ಹಾಕಬೇಕು?
– ಓದುಗರು, ಕಲಬುರಗಿ

ಉತ್ತರ: ಬೇಳೆ ಕರಗಿ ಸಾರಾಗಿಬಿಡುತ್ತದೆ. ಇಡೀ ಕಾಳೇ ಬೇಕು. ತೊಗರಿಯ ಕಣಜದಲ್ಲಿರುವ ನಿಮಗೆ ಅದಕ್ಕೇನು ಬರ? ರಾತ್ರಿ ನೆನೆಸಿ, ಮೆತ್ತಗೆ ಬೇಯಿಸಿ. ಈರುಳ್ಳಿ, ಹಸಿಮೆಣಸಿನಕಾಯಿ, ಚಿಟಿಕೆ ಅರಿಸಿನ, ಉಪ್ಪಿನೊಂದಿಗೆ ತೆಳು ತೆಂಗಿನಹಾಲಿನಲ್ಲಿ ಕುದಿಸಿ. ಗಟ್ಟಿ ಹಾಲು ಕೊನೆಗೆ, ಸಣ್ಣ ಉರಿಯಲ್ಲಿ. ಜೋರಾಗಿ ಕುದಿಸಿದರೆ ಒಡೆಯುತ್ತದೆ. ಒಗ್ಗರಣೆ ಬೇಡ. ಸಾಸಿವೆ ಸಿಡಿದರೆ ಅದು ನಮ್ಮ ಪಲ್ಯದ ದಾರಿ ಹಿಡಿಯುತ್ತದೆ. ಏಲಕ್ಕಿಯ ಸಿಹಿಗೆ ಎದುರಾಗಿ ತೆಂಗಿನ ಸೌಮ್ಯ ಖಾರ ನಿಲ್ಲುವುದೇ ಈ ಜೋಡಿಯ ರುಚಿ.

ಪ್ರಶ್ನೆ: ಊಜಿ ಎಂದರೆ ನಮ್ಮ ರಾಗಿ ಅಂಬಲಿಯೇ ತಾನೆ?
– ಓದುಗರು, ತುಮಕೂರು

ಉತ್ತರ: ಹತ್ತಿರದ ನೆಂಟ. ಅವರು ವಿಂಬಿ ಎನ್ನುವ ಧಾನ್ಯ ನಮ್ಮ ರಾಗಿಯೇ. ಅದರ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡುಗಳೇ. ಆದರೆ ಊಜಿಗೆ ಮಜ್ಜಿಗೆ, ಈರುಳ್ಳಿ ಹಾಕುವುದಿಲ್ಲ. 4 ಚಮಚ ಹಿಟ್ಟನ್ನು 1 ಕಪ್ ತಣ್ಣೀರಿನಲ್ಲಿ ಕದಡಿ, ಕುದಿಯುವ 3 ಕಪ್ ನೀರಿಗೆ ಸುರಿದು, ಗಂಟಾಗದಂತೆ 10–15 ನಿಮಿಷ ಕೈಯಾಡಿಸಿ. ಸಕ್ಕರೆ, ಜೊತೆಗೆ ಹಾಲು ಅಥವಾ ನಿಂಬೆರಸ ಸೇರಿಸಿ, ಬಿಸಿಯಾಗಿ ಲೋಟದಲ್ಲಿ ಕುಡಿಯಿರಿ. ಹುಳಿ ಇಷ್ಟವಿದ್ದರೆ ಕದಡಿದ ಹಿಟ್ಟನ್ನು ಒಂದು ದಿನ ಹುದುಗಲು ಬಿಡಿ.

ಪ್ರಶ್ನೆ: ಎಂಟು ಗಂಟೆಗೆ ಎಲ್ಲವನ್ನೂ ಬಡಿಸಲು ಎಷ್ಟು ಹೊತ್ತಿಗೆ ಏಳಬೇಕು?
– ಓದುಗರು, ಮೈಸೂರು

ಉತ್ತರ: ಕಾಳನ್ನು ಹಿಂದಿನ ಬೆಳಿಗ್ಗೆಯೇ ನೆನೆಸಿ, ರಾತ್ರಿ ಮ್ಬಾಜಿ ಮಾಡಿ ಫ್ರಿಜ್‌ನಲ್ಲಿಡಿ. ಐದೂವರೆಗೆ ಎದ್ದು ಹಿಟ್ಟು ನಾದಿಟ್ಟರೆ ಏಳೂಕಾಲಕ್ಕೆ ಲಟ್ಟಿಸಬಹುದು. ಮಹಮ್ರಿ ಕರಿಯುವಾಗ ಪಕ್ಕದ ಒಲೆಯಲ್ಲಿ ಸಮಪಾಲು ಹಾಲು-ನೀರಿಗೆ ಚಹಾಪುಡಿ, ಸಕ್ಕರೆ, ಶುಂಠಿ ಹಾಕಿ ಕುದಿಸಿ. ಅದೇ ದಿನ ಊಜಿಯನ್ನೂ ಮಾಡಲು ಹೋಗಬೇಡಿ. ಅದಕ್ಕೆ ಗೆಣಸಿನ ಜೊತೆ ಇನ್ನೊಂದು ಬೆಳಿಗ್ಗೆ ಇರಲಿ.