ಚಳಿಗಾಲದಲ್ಲಿ ನದಿಯ ಮೀನು ಹಿಡಿಯುವ ಕ್ರಮವೂ ಮಡುಗಳ ರಕ್ಷಣೆಯೂ

(ಬೀದರ, ಭಾಲ್ಕಿ ಮತ್ತು ಔರಾದ ಸೀಮೆಯ ಭೂಮಾಲಿಕರಿಗೂ ಗ್ರಾಮದ ಮುಖಂಡರಿಗೂ)

ಪೀಠಿಕೆ

ಹಿಂಗಾರಿಯ ಬಿತ್ತನೆ ಮುಗಿದು, ಬಿಳಿಜೋಳವು ಎದ್ದು ನಿಂತು, ಕಡಲೆಯು ಹೂವಿಗೆ ಬರುವ ಕಾಲದಲ್ಲಿ ರೈತನಿಗೆ ಸ್ವಲ್ಪ ಬಿಡುವು ದೊರೆಯುತ್ತದೆ. ಮಾಂಜ್ರಾ ನದಿಯ ದಡದ ಹಳ್ಳಿಗಳಲ್ಲಿ ಈ ಬಿಡುವಿನಲ್ಲಿ ಗಾಳ ಹಿಡಿದು ನದಿಗೆ ಹೋಗುವವರುಂಟು. ಆದರೆ ಹೆಚ್ಚಿನವರು ಬರಿಗೈಯಲ್ಲಿ ಹಿಂದಿರುಗಿ, ಚಳಿಗೆ ಮೀನು ನದಿಯನ್ನೇ ಬಿಟ್ಟು ಹೋಯಿತೆಂದು ಹೇಳುವರು. ಈ ಮಾತು ಸರಿಯಲ್ಲ. ಮೀನು ಎಲ್ಲಿಗೂ ಹೋಗಿರುವುದಿಲ್ಲ; ನದಿಯುದ್ದಕ್ಕೂ ಹರಡಿಕೊಂಡಿದ್ದುದು ಕೆಲವೇ ಆಳವಾದ ಮಡುಗಳಲ್ಲಿ ಒಟ್ಟುಗೂಡಿ, ಚಲನೆಯನ್ನೂ ಆಹಾರವನ್ನೂ ಕಡಿಮೆ ಮಾಡಿಕೊಂಡಿರುತ್ತದೆ.

ಇದರಿಂದ ಎರಡು ಸಂಗತಿಗಳು ಏರ್ಪಡುತ್ತವೆ. ಕ್ರಮವನ್ನರಿತವನಿಗೆ ಚಳಿಗಾಲದಲ್ಲಿಯೂ ಮನೆಗೆ ಬೇಕಾದಷ್ಟು ಮೀನು ದೊರೆಯುತ್ತದೆ. ಆದರೆ ದುರಾಸೆಯವನು ಒಂದೇ ದಿನದಲ್ಲಿ ಒಂದು ಮಡುವಿನ ಮೀನನ್ನೆಲ್ಲ ಬರಿದು ಮಾಡಲೂ ಬಹುದು. ಆದಕಾರಣ ಹಿಡಿಯುವ ಕ್ರಮವನ್ನೂ ಕಾಯುವ ಕ್ರಮವನ್ನೂ ಒಟ್ಟಿಗೆ ತಿಳಿಯುವುದು ಅವಶ್ಯವಾಗಿದೆ.

ನದಿಯೂ ಅದರ ಮಡುಗಳೂ

ಮಾಂಜ್ರಾ ನದಿಯು ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಲಾತೂರು ಸೀಮೆಯನ್ನು ದಾಟಿ, ಭಾಲ್ಕಿ, ಔರಾದ ಮತ್ತು ಬೀದರ ಪ್ರದೇಶಗಳಲ್ಲಿ ಹರಿದು, ತೆಲಂಗಾಣವನ್ನು ಸೇರಿ, ಕೊನೆಗೆ ಗೋದಾವರಿಯಲ್ಲಿ ಕೂಡುತ್ತದೆ. ಕಾರಂಜಾ ನದಿಯು ಇದರ ಉಪನದಿ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಅಣೆಕಟ್ಟನ್ನು ಕಟ್ಟಲಾಗಿದೆ. ಕೆಳಗಡೆ ಮಾಂಜ್ರಾ ನದಿಗೆ ನಿಜಾಮರ ಕಾಲದಲ್ಲಿ ಕಟ್ಟಿದ ನಿಜಾಮಸಾಗರವು ೧೯೩೧ರಲ್ಲಿ ಪೂರ್ಣವಾಯಿತು.

ಬೀದರ ನಗರವು ಸುಮಾರು ೨,೨೦೦ ಅಡಿ ಎತ್ತರದ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ನದಿಯಾದರೋ ಬಹುಮಟ್ಟಿಗೆ ಎರೆಮಣ್ಣಿನ ಬಯಲಿನಲ್ಲಿ ಹರಿಯುತ್ತದೆ. ಮಳೆಗಾಲದಲ್ಲಿ ಕೆಸರಾಗಿದ್ದ ನೀರು ಚಳಿಗಾಲಕ್ಕೆ ತಿಳಿಯಾಗುತ್ತದೆ, ಹರಿವು ಇಳಿಯುತ್ತದೆ. ಆಗ ನದಿಯು ಒಂದೇ ಪ್ರವಾಹವಾಗಿರದೆ, ತೆಳುವಾದ ಹರಿವಿನಿಂದ ಪೋಣಿಸಿದ ಮಡುಗಳ ಸಾಲಾಗುತ್ತದೆ. ನದಿಯು ತಿರುಗುವ ಕಡೆ ಹೊರದಡದ ಬುಡದಲ್ಲಿಯೂ, ಎರಡು ಹೊಳೆಗಳು ಕೂಡುವ ಕಡೆಯಲ್ಲಿಯೂ, ಕಟ್ಟೆ ಅಥವಾ ಸೇತುವೆಯ ಕೆಳಗೆ ನೀರು ಬಿದ್ದು ತೋಡಿದ ಕಡೆಯಲ್ಲಿಯೂ ಮಡುಗಳಿರುತ್ತವೆ.

ಚಳಿಯಲ್ಲಿ ಮೀನಿನ ಸ್ವಭಾವ

ದನಕರುಗಳ ಮೈ ಹೊರಗೆ ಎಷ್ಟು ಚಳಿಯಿದ್ದರೂ ಒಂದೇ ಬಿಸಿಯನ್ನು ಕಾಪಾಡಿಕೊಳ್ಳುತ್ತದೆ. ಮೀನಿಗೆ ಆ ಶಕ್ತಿಯಿಲ್ಲ. ನೀರು ಎಷ್ಟು ತಣ್ಣಗಿರುವುದೋ ಮೀನಿನ ಮೈಯೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ. ಮೈ ತಣ್ಣಗಾದಂತೆ ಜೀರ್ಣಶಕ್ತಿಯು ಕುಗ್ಗಿ, ತಿಂದದ್ದು ಕರಗಲು ಬಹಳ ಹೊತ್ತು ಹಿಡಿಯುತ್ತದೆ, ಹಸಿವೂ ಕಡಿಮೆಯಾಗುತ್ತದೆ. ನಮ್ಮ ಗೆಂಡೆ ಜಾತಿಯ ಮೀನುಗಳು ೨೫ರಿಂದ ೩೦ ಡಿಗ್ರಿ ಸೆಂಟಿಗ್ರೇಡ್ ಬಿಸಿಯ ನೀರಿನಲ್ಲಿ ಚೆನ್ನಾಗಿ ಮೇಯುತ್ತವೆ. ೨೦ಕ್ಕಿಂತ ಕೆಳಗಿಳಿದರೆ ಅವುಗಳ ಬೆಳವಣಿಗೆ ಮಂದವಾಗುತ್ತದೆ.

ಬೀದರ ಸೀಮೆಯು ಕರ್ನಾಟಕದ ಹೆಚ್ಚು ಚಳಿಯ ಭಾಗಗಳಲ್ಲಿ ಒಂದು. ಎಳ್ಳ ಅಮಾವಾಸ್ಯೆಯ ಆಚೀಚೆ ಕೆಲವು ರಾತ್ರಿ ಗಾಳಿಯ ಉಷ್ಣತೆಯು ೧೦ ಡಿಗ್ರಿಗೂ ಕೆಳಗಿಳಿಯುವುದುಂಟು. ಇಂಥಾ ರಾತ್ರಿಯಲ್ಲಿ ಮೊಣಕಾಲುದ್ದದ ನೀರು ಬೇಗನೆ ತಣ್ಣಗಾಗುತ್ತದೆ; ಎರಡಾಳುದ್ದದ ಮಡುವಿನ ನೀರು ಅಷ್ಟು ಬೇಗನೆ ಬಿಸಿಯನ್ನು ಬಿಡುವುದಿಲ್ಲ. ಆದಕಾರಣವೇ ಮೀನು ಮಡುವನ್ನು ಸೇರುವುದು. ಹಗಲೇರಿದ ಮೇಲೆ ತೆಳುನೀರು ಬಿಸಿಲಿಗೆ ಬೇಗನೆ ಕಾಯುವುದರಿಂದ ಮಡುವಿನ ಅಂಚಿಗೆ ಬಂದು ಸ್ವಲ್ಪ ಹೊತ್ತು ಮೇದು, ಸಂಜೆಗೆ ಮತ್ತೆ ಆಳಕ್ಕಿಳಿಯುತ್ತದೆ. ಚಳಿಗಾಲದ ಮೀನುಗಾರಿಕೆಯ ಗುಟ್ಟೆಲ್ಲವೂ ಈ ಇಳಿಯುವಿಕೆ ಏರುವಿಕೆಯಲ್ಲಿದೆ.

ಯಾವ ಮೀನು ಗಾಳಕ್ಕೆ ಬರುವುದು

ಎಲ್ಲ ಮೀನುಗಳಿಗೂ ಚಳಿಯು ಒಂದೇ ಸಮನಾಗಿ ತಟ್ಟುವುದಿಲ್ಲ. ಕಾಟ್ಲಾ ಮೀನು ನೀರಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳನ್ನು ತಿನ್ನತಕ್ಕದ್ದು, ರೋಹು ನಡುನೀರಿನದು, ಮೃಗಾಲ ತಳದಲ್ಲಿ ಮೇಯುವಂಥಾದ್ದು. ಸಾಮಾನ್ಯ ಗೆಂಡೆಯೆಂಬ ಪರದೇಶದ ಮೀನನ್ನು ೧೯೩೯ರಲ್ಲಿ ಸಿಂಹಳದಿಂದ ನೀಲಗಿರಿಗೂ, ಇನ್ನೊಂದು ತಳಿಯನ್ನು ೧೯೫೭ರಲ್ಲಿ ಬ್ಯಾಂಕಾಕಿನಿಂದಲೂ ಭಾರತಕ್ಕೆ ತರಲಾಯಿತು. ಇದು ತಳದ ಕೆಸರನ್ನು ಕೆದಕಿ ತಿನ್ನುವ ಮೀನು. ಚಳಿಯನ್ನು ಇತರ ಗೆಂಡೆಗಳಿಗಿಂತ ಚೆನ್ನಾಗಿ ತಡೆಯುತ್ತದೆ. ಆದುದರಿಂದ ಚಳಿಗಾಲದಲ್ಲಿ ಗಾಳ ಹಾಕುವವನು ತಳದ ಮೀನುಗಳನ್ನೇ, ಅದರಲ್ಲಿಯೂ ಸಾಮಾನ್ಯ ಗೆಂಡೆಯನ್ನೇ ಹೆಚ್ಚಾಗಿ ನಂಬಬೇಕು.

ಪಕ್ಕೆ ಮೊದಲಾದ ಸಣ್ಣ ಮೀನುಗಳು ಮಧ್ಯಾಹ್ನದ ಬಿಸಿಲಿಗೆ ಅಂಚಿನಲ್ಲಿ ಸಿಕ್ಕುವುವು. ಕೊರವ ಮೀನು ಗಾಳಿಯನ್ನು ನುಂಗಲು ಆಗಾಗ್ಗೆ ಮೇಲಕ್ಕೆ ಬರಲೇಬೇಕಾದುದರಿಂದ, ಜೊಂಡಿನ ಮರೆಯಲ್ಲಿ ಅದರ ಇರವನ್ನು ಕಾಣಬಹುದು. ಜಿಲೇಬಿ ಮೀನು ಚಳಿಯನ್ನು ಸಹಿಸಲಾರದು. ಈ ತಿಂಗಳುಗಳಲ್ಲಿ ಅದನ್ನು ನಂಬಿ ಕುಳಿತರೆ ಹೊತ್ತು ವ್ಯರ್ಥವಾಗುತ್ತದೆ.

ಹೊತ್ತು ಮತ್ತು ಸ್ಥಳ

ಬೇಸಿಗೆಯಲ್ಲಿ ನಸುಕಿನ ಹೊತ್ತು ಒಳ್ಳೆಯದೆಂಬುದು ಎಲ್ಲರೂ ಬಲ್ಲ ಮಾತು. ಅದೇ ಅಭ್ಯಾಸವನ್ನು ಪುಷ್ಯಮಾಸಕ್ಕೂ ತರುವುದು ತಪ್ಪು. ಚಳಿಗಾಲದ ನಸುಕಿನಲ್ಲಿ ನೀರು ಅತ್ಯಂತ ತಣ್ಣಗಿರುತ್ತದೆ. ಹತ್ತು ಗಂಟೆಯ ತರುವಾಯ ಹೋಗಿ, ಹನ್ನೊಂದರಿಂದ ನಾಲ್ಕರವರೆಗೆ ಗಾಳ ಹಾಕತಕ್ಕದ್ದು. ಒಂದೇ ರಾತ್ರಿಯಲ್ಲಿ ಚಳಿಯು ಹಠಾತ್ತನೆ ಹೆಚ್ಚಿದರೆ ಮೀನು ಬಾಯಿ ಮುಚ್ಚಿಕೊಳ್ಳುವುದು. ಅದೇ ಬಗೆಯ ಹವೆ ಮೂರು ನಾಲ್ಕು ದಿನ ನಿಂತರೆ ಮತ್ತೆ ಮೇಯತೊಡಗುವುದು.

ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ಓರೆಯಾಗಿ ಸಾಗುವುದರಿಂದ, ಎತ್ತರವಾದ ದಕ್ಷಿಣದ ದಡದ ನೆರಳಿನ ನೀರು ದಿನವಿಡೀ ಕಾಯುವುದಿಲ್ಲ. ಉತ್ತರದ ದಡದ ಅಂಚಿಗೆ ಬಿಸಿಲು ನೇರವಾಗಿ ಬೀಳುತ್ತದೆ. ದಡವು ಎತ್ತರವಿದ್ದರೆ ಉತ್ತರದ ತಣ್ಣನೆಯ ಗಾಳಿಯೂ ತಡೆಯುತ್ತದೆ. ಆದಕಾರಣ ಪೂರ್ವಪಶ್ಚಿಮವಾಗಿ ಹರಿಯುವ ಭಾಗಗಳಲ್ಲಿ ಉತ್ತರದ ದಡವನ್ನೇ ಆರಿಸಿಕೊಳ್ಳಬೇಕು.

ಮೊದಲು ದಾರದ ತುದಿಗೆ ಸಣ್ಣ ಕಲ್ಲನ್ನು ಕಟ್ಟಿ ಮಡುವಿನ ಆಳವನ್ನು ಅಲ್ಲಲ್ಲಿ ಅಳೆದು ನೋಡತಕ್ಕದ್ದು. ತೆಳುನೀರು ಮುಗಿದು ಆಳವು ಹಠಾತ್ತನೆ ಆರಂಭವಾಗುವ ಅಂಚೇ ಗಾಳಕ್ಕೆ ಯೋಗ್ಯವಾದ ಸ್ಥಳ. ತಿಳಿನೀರಿನಲ್ಲಿ ಮನುಷ್ಯನ ನೆರಳು ಬಿದ್ದರೂ ಮೀನು ಹೆದರುವುದರಿಂದ, ಅಂಚಿನಿಂದ ಹಿಂದೆ ಸರಿದು ಸದ್ದಿಲ್ಲದೆ ಕೂಡಬೇಕು.

ಗಾಳ, ದಾರ ಮತ್ತು ಎರೆ

ಮಳೆಗಾಲದ ದಪ್ಪ ದಾರವೂ ದೊಡ್ಡ ಗಾಳವೂ ಈ ಕಾಲಕ್ಕೆ ಸಲ್ಲವು. ತಿಳಿನೀರಿನಲ್ಲಿ ದಪ್ಪ ದಾರವು ಮೀನಿನ ಕಣ್ಣಿಗೆ ಬೀಳುತ್ತದೆ. ಕಾಲು ಮಿಲಿಮೀಟರಿನಷ್ಟು ತೆಳುವಾದ ನೈಲಾನ್ ದಾರ, ಸಣ್ಣ ಗಾಳ, ಒಂದೆರಡು ಸಣ್ಣ ಸೀಸದ ಗುಂಡು, ಮತ್ತು ಹಗುರವಾದ ಬೆಂಡು ಇವೇ ಸಾಕು. ಚಳಿಯಲ್ಲಿ ಮೀನು ಎರೆಯನ್ನು ಎಳೆದುಕೊಂಡು ಓಡುವುದಿಲ್ಲ, ಮೆಲ್ಲನೆ ಬಾಯಿಗೆ ತೆಗೆದುಕೊಂಡು ಅಲ್ಲಿಯೇ ನಿಲ್ಲುತ್ತದೆ. ಜೊಂಡಿನ ಅಥವಾ ನವಿಲುಗರಿಯ ದಂಟಿನ ಬೆಂಡಾದರೆ ಅಷ್ಟು ಮೆಲುವಾದ ಸೆಳೆತವೂ ತೋರಿಬರುವುದು. ಬೆಂಡು ಮುಳುಗುವವರೆಗೆ ಕಾಯದೆ, ಅದು ಓರೆಯಾದ ಕೂಡಲೆ ಕೋಲನ್ನು ಹಗುರವಾಗಿ ಎತ್ತಬೇಕು.

ಎರೆಯು ಸಣ್ಣದಾಗಿರಲಿ. ಒಂದು ಎರೆಹುಳುವಿನ ಅರ್ಧ ತುಂಡು, ಇಲ್ಲವೆ ಕಡಲೆಕಾಳಿನಷ್ಟು ಹಿಟ್ಟಿನ ಉಂಡೆ ಸಾಕು. ಗೋಧಿಹಿಟ್ಟಿಗೆ ಸ್ವಲ್ಪ ಶೇಂಗಾ ಹಿಂಡಿಯ ಪುಡಿಯನ್ನು ಬೆರೆಸಿ ನಾದಿದರೆ ಉಂಡೆಯು ನೀರಿನಲ್ಲಿ ಬೇಗನೆ ಒಡೆಯುವುದಿಲ್ಲ. ಜೋಳದ ಹಿಟ್ಟು ಒಂದೇ ಆದರೆ ಗಾಳದ ಮೇಲೆ ನಿಲ್ಲಲಾರದು.

ಮೀನನ್ನು ಒಂದೆಡೆಗೆ ಕರೆಯಲು ಮೊದಲೇ ಮೇವು ಹಾಕುವ ಪದ್ಧತಿಯು ಈ ಸೀಮೆಗೆ ಹೊಸದಲ್ಲ. ಇದೇ ಜಿಲ್ಲೆಯ ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡು ಹನ್ನೆರಡನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ಕ್ಕೆಂದೇ ಒಂದು ಅಧ್ಯಾಯವನ್ನು ಬರೆದಿದ್ದಾನೆ. ಗಾಳ, ದಾರ, ಕೋಲು, ಎರೆ, ಮತ್ತು ಬೇರೆ ಬೇರೆ ಮೀನುಗಳಿಗೆ ಹಾಕತಕ್ಕ ಮೇವು ಇವೆಲ್ಲವೂ ಅದರಲ್ಲಿ ಬಂದಿವೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಇದನ್ನು ವಿದ್ವಾಂಸರ ಗಮನಕ್ಕೆ ತಂದರು. ಚಳಿಗಾಲದಲ್ಲಿ ಮಾತ್ರ ಮೇವನ್ನು ಮಿತವಾಗಿ ಹಾಕಬೇಕು. ಒಂದು ಹಿಡಿ ತೌಡು ಮತ್ತು ಹಿಂಡಿಯನ್ನು ನೆನೆಸಿ ಉಂಡೆ ಮಾಡಿ ಹಾಕಿದರೆ ಸಾಕು. ಹೆಚ್ಚು ಹಾಕಿದರೆ ಹಸಿವು ಕಡಿಮೆಯಿರುವ ಮೀನು ಅದರಿಂದಲೇ ತೃಪ್ತಿಪಟ್ಟು ಗಾಳವನ್ನು ಮುಟ್ಟದು. ಉಳಿದದ್ದು ಕೊಳೆತು ನೀರು ಕೆಡುವುದು.

ಹಿಡಿದ ಮೀನು

ತಣ್ಣನೆಯ ನೀರು ಪ್ರಾಣವಾಯುವನ್ನು ಹೆಚ್ಚಾಗಿ ಹಿಡಿದುಕೊಳ್ಳುತ್ತದೆ. ೩೦ ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು ಏಳೂವರೆ ಮಿಲಿಗ್ರಾಂ ಪ್ರಾಣವಾಯುವು ಕರಗಬಲ್ಲುದಾದರೆ, ೧೫ ಡಿಗ್ರಿಯ ನೀರಿನಲ್ಲಿ ಸುಮಾರು ೧೦ ಮಿಲಿಗ್ರಾಂ ಕರಗಬಲ್ಲುದು. ಆದುದರಿಂದ ಹಿಡಿದ ಮೀನನ್ನು ಬಲೆಯ ಚೀಲದಲ್ಲಿಟ್ಟು ನದಿಯಲ್ಲಿಯೇ ಮುಳುಗಿಸಿದರೆ ಬಹಳ ಹೊತ್ತು ಜೀವದಿಂದಿರುತ್ತದೆ. ಬೇಡವಾದ ಸಣ್ಣ ಮೀನನ್ನು ಒದ್ದೆಯಾದ ಕೈಯಿಂದ ಹಿಡಿದು ಮೆಲ್ಲನೆ ನೀರಿಗೆ ಬಿಡತಕ್ಕದ್ದು. ಒಣಗೈ ತಾಗಿದರೆ ಮೈಯ ಲೋಳೆ ಕಿತ್ತುಬಂದು ಮೀನಿಗೆ ರೋಗ ತಗಲುವುದುಂಟು.

ಮಡುಗಳನ್ನು ಕಾಯುವುದು

ಮುಖಂಡರು ಮುಖ್ಯವಾಗಿ ಗಮನಿಸಬೇಕಾದದ್ದು ಇದು. ನಮ್ಮ ನದಿಯ ಗೆಂಡೆಗಳು ಮೊಟ್ಟೆಯಿಡುವುದು ಮುಂಗಾರು ಮಳೆಯ ಹೊಸ ನೀರು ಬಂದಾಗ. ಹೀಗೆ ಮೊಟ್ಟೆಯಿಡಬೇಕಾದ ತಾಯಿಮೀನುಗಳು ಪುಷ್ಯ ಮಾಘಗಳಲ್ಲಿ ಈ ಮಡುಗಳಲ್ಲಿಯೇ ಇರುತ್ತವೆ. ದೊಡ್ಡ ಗೆಂಡೆಯೊಂದು ಲಕ್ಷಗಟ್ಟಲೆ ಮೊಟ್ಟೆಗಳನ್ನು ಹೊತ್ತಿರುತ್ತದೆ. ಕಣಜದಲ್ಲಿ ಬೀಜದ ಜೋಳವನ್ನು ಬೇರೆ ಕಟ್ಟಿಟ್ಟು ಎಂಥಾ ಬರದಲ್ಲಿಯೂ ಮುಟ್ಟದ ರೈತನು, ಮಡುವಿನ ಮೀನೂ ನದಿಯ ಬಿತ್ತನೆಯ ಬೀಜವೆಂಬುದನ್ನು ತಿಳಿಯಬೇಕು.

ಈ ಬೀಜಕ್ಕೆ ಬರುವ ಕೇಡು ಮೂರು ಬಗೆಯದು. ಮೊದಲನೆಯದು ಸಿಡಿಮದ್ದು ಮತ್ತು ವಿಷ. ಬಾವಿ ತೋಡುವ ಮದ್ದನ್ನು ಮಡುವಿನಲ್ಲಿ ಸಿಡಿಸಿದರೆ ದೊಡ್ಡದು ಸಣ್ಣದು ಎನ್ನದೆ ಎಲ್ಲವೂ ಸಾಯುತ್ತವೆ. ಅವುಗಳಲ್ಲಿ ಅನೇಕವು ತಳಕ್ಕಿಳಿದು ಯಾರಿಗೂ ದೊರೆಯದೆ ಕೊಳೆಯುತ್ತವೆ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ನೀರಿಗೆ ಸುರಿದರೆ ಅದೇ ನೀರನ್ನು ಕುಡಿಯುವ ದನಗಳಿಗೂ, ಮೀನನ್ನು ತಿನ್ನುವ ಜನರಿಗೂ ಅಪಾಯ. ಬ್ರಿಟಿಷ್ ಇಂಡಿಯಾದಲ್ಲಿ ೧೮೯೭ರ ಮೀನುಗಾರಿಕೆ ಕಾಯಿದೆಯೇ ಇವೆರಡನ್ನೂ ಅಪರಾಧವೆಂದು ಗೊತ್ತುಮಾಡಿತು. ಕರ್ನಾಟಕದಲ್ಲಿ ಒಳನಾಡು ಮೀನುಗಾರಿಕೆಯ ರಕ್ಷಣೆಗೆಂದೇ ೧೯೯೬ರ ಕಾಯಿದೆಯುಂಟು.

ಎರಡನೆಯದು ಸೊಳ್ಳೆಪರದೆಯಂಥಾ ಸಣ್ಣ ಕಣ್ಣಿನ ಬಲೆ. ಚಳಿಗೆ ಜಡವಾಗಿ ಒಂದೆಡೆ ನಿಂತ ಮೀನಿನ ಮರಿಗಳನ್ನು ಇದು ಗುಡಿಸಿ ಹಾಕುತ್ತದೆ. ಬೆಸ್ತರೂ ಕಬ್ಬಲಿಗರೂ ವಂಶಪರಂಪರೆಯಾಗಿ ನದಿಯನ್ನು ಬಲ್ಲವರು. ನದಿ ಬರಿದಾದರೆ ಮೊದಲು ಕೆಡುವುದು ಅವರ ಜೀವನವೇ. ದಡದ ಹೊಲದ ಒಡೆತನದಿಂದ ನದಿಯ ಮೀನಿನ ಒಡೆತನವು ಬರುವುದಿಲ್ಲವೆಂಬುದನ್ನು ಭೂಮಾಲಿಕರು ನೆನಪಿಡಬೇಕು. ಯಾವ ನೀರಿಗೆ ಯಾರ ಪರವಾನಿಗೆ ಅಥವಾ ಗುತ್ತಿಗೆ ಇದೆಯೆಂಬುದನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಗಾಳ ಹಾಕುವುದು ಯುಕ್ತ.

ಮೂರನೆಯದು ಮಡುವನ್ನು ಪಂಪಿನಿಂದ ಬತ್ತಿಸುವುದು. ಹಿಂಗಾರಿ ಬೆಳೆಗೆ ನೀರು ಬೇಕೆಂಬುದು ನಿಜ. ಆದರೆ ಊರಿನ ಸೀಮೆಯಲ್ಲಿರುವ ಎಲ್ಲ ಮಡುಗಳನ್ನೂ ತಳದವರೆಗೆ ಎತ್ತಿದರೆ ಮುಂದಿನ ವರ್ಷದ ಮೀನೂ ಇಲ್ಲ, ಬೇಸಿಗೆಗೆ ದನಗಳ ನೀರೂ ಇಲ್ಲ. ೨೦೧೬ರ ಬೇಸಿಗೆಯಲ್ಲಿ ಮಾಂಜ್ರಾ ನದಿಯ ಮೇಲ್ಭಾಗವು ಬತ್ತಿ, ಲಾತೂರು ನಗರಕ್ಕೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರನ್ನು ತರಬೇಕಾಯಿತು. ಅಂಥಾ ವರ್ಷದಲ್ಲಿ ಆಳವಾದ ಒಂದು ಮಡು ಉಳಿದರೂ, ಮಳೆ ಬಂದ ಮೇಲೆ ಮೀನು ಅಲ್ಲಿಂದಲೇ ಮತ್ತೆ ನದಿಗೆ ಹರಡಬೇಕು.

ಆದಕಾರಣ ಪ್ರತಿಯೊಂದು ಊರಿನವರೂ ಗ್ರಾಮಪಂಚಾಯತಿಯಲ್ಲಿ ಕೂಡಿ, ತಮ್ಮ ಸೀಮೆಯ ಅತ್ಯಂತ ಆಳವಾದ ಒಂದು ಮಡುವನ್ನು ಬೀಜದ ಮಡುವೆಂದು ಗೊತ್ತುಮಾಡಿ, ಅದರಲ್ಲಿ ಗಾಳವನ್ನೂ ಬಲೆಯನ್ನೂ ಪಂಪನ್ನೂ ಇಳಿಸದಂತೆ ಒಪ್ಪಂದ ಮಾಡಿಕೊಳ್ಳತಕ್ಕದ್ದು. ಇದಕ್ಕೆ ಹಣದ ಖರ್ಚಿಲ್ಲ. ಊರಿನವರ ಒಮ್ಮತವೊಂದಿದ್ದರೆ ಸಾಕು.

ಸಾರಾಂಶ

೧. ಚಳಿಗಾಲದಲ್ಲಿ ಮೀನು ಆಳವಾದ ಮಡುಗಳಲ್ಲಿರುತ್ತದೆ. ಬಿಸಿಲೇರಿದ ಮೇಲೆ ಅಂಚಿಗೆ ಬರುತ್ತದೆ.
೨. ಹನ್ನೊಂದರಿಂದ ನಾಲ್ಕು ಗಂಟೆಯವರೆಗೆ, ಬಿಸಿಲು ಬೀಳುವ ಉತ್ತರದ ದಡದಿಂದ ಗಾಳ ಹಾಕಬೇಕು.
೩. ದಾರ ತೆಳುವಾಗಿರಲಿ, ಗಾಳವೂ ಎರೆಯೂ ಸಣ್ಣದಾಗಿರಲಿ, ಮೇವು ಮಿತವಾಗಿರಲಿ.
೪. ಎರೆಮಣ್ಣಿನ ದಡವು ಒಳಗೆ ಕೊರೆದು ಕುಸಿಯುವುದುಂಟು. ಒಬ್ಬೊಬ್ಬರೇ ಹೋಗಬಾರದು, ಮಕ್ಕಳನ್ನು ಮಡುವಿನ ಅಂಚಿಗೆ ಬಿಡಬಾರದು.
೫. ಮನೆಗೆ ಬೇಕಾದಷ್ಟನ್ನೇ ಹಿಡಿದು, ಮರಿಗಳನ್ನೂ ದೊಡ್ಡ ತಾಯಿಮೀನುಗಳನ್ನೂ ನೀರಿಗೆ ಬಿಡಬೇಕು.
೬. ಸಿಡಿಮದ್ದು, ವಿಷ ಮತ್ತು ಸಣ್ಣ ಕಣ್ಣಿನ ಬಲೆಯನ್ನು ಊರಿನ ಸೀಮೆಯೊಳಗೆ ಬರಗೊಡಬಾರದು.
೭. ಊರಿಗೊಂದು ಬೀಜದ ಮಡುವನ್ನು ಮುಂದಿನ ಮಳೆಗಾಲದವರೆಗೆ ಮುಟ್ಟದೆ ಉಳಿಸಬೇಕು.