ಹಟವೋ, ಮಾತೋ?

ನಮ್ಮ ಚಿಕ್ಕಪ್ಪನ ಮಗನಿಗೆ ಮಾತು ಬಾರದು. ಅವನು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳತೊಡಗಿದರೆ ಕೆಲವರು ಹಟವೆನ್ನುವರು, ಕೆಲವರು ಗ್ರಹಚಾರವೆನ್ನುವರು. ಸುಗ್ಗಿಯಲ್ಲಿ ಮನೆಯವರೆಲ್ಲ ಕಣಕ್ಕೆ ಹೋಗಬೇಕಾದಾಗ ಅವನನ್ನು ಹಳೆಯ ಸೀರೆಯಿಂದ ಪಡಸಾಲೆಯ ಕಂಬಕ್ಕೆ ಕಟ್ಟುತ್ತಿದ್ದೆವು. ಕ್ರೌರ್ಯದಿಂದಲ್ಲ, ಬೇರೆ ದಾರಿ ತಿಳಿಯದೆ.

ಬೇರೆ ದಾರಿ ಉಂಟೆಂದು ನನಗೆ ತಿಳಿದುದು ಮನಶ್ಶಾಸ್ತ್ರದ ಓದಿನಿಂದ. ಇದನ್ನೇ ವೃತ್ತಿಯಾಗಿ ಉಳ್ಳವರನ್ನು ವರ್ತನಾ ಬೆಂಬಲ ತಜ್ಞರೆನ್ನಬಹುದು. ಅವರು ಕೇಳುವ ಮೊದಲ ಪ್ರಶ್ನೆ ‘ಇದನ್ನು ನಿಲ್ಲಿಸುವುದು ಹೇಗೆ?’ ಎಂಬುದಲ್ಲ, ‘ಇದರಿಂದ ಅವನಿಗೆ ದೊರೆಯುವುದೇನು?’ ಎಂಬುದು. ಹಲ್ಲುನೋವು, ಕಿವಿನೋವುಗಳಿವೆಯೇ ಎಂದು ವೈದ್ಯರಿಂದ ಪರೀಕ್ಷೆಯಾಗಬೇಕು. ಅನಂತರ ದಿನಗಟ್ಟಲೆ ಬರೆದಿಡಬೇಕು: ಮೊದಲು ಏನು ನಡೆಯಿತು, ಅವನು ಏನು ಮಾಡಿದನು, ಆಮೇಲೆ ಸುತ್ತಲಿನವರು ಏನು ಮಾಡಿದರು. ಬಹು ಬೇಸರದ ಕೆಲಸವೆಂಬುದನ್ನು ಒಪ್ಪಲೇಬೇಕು.

ಅಮೆರಿಕದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ ಎಂಬವರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ವರು ಮಕ್ಕಳಿದ್ದರು. ಕೆಲವರ ರಂಪಕ್ಕೆ ಪಾಠ ಕಠಿಣವಾದುದು ಕಾರಣ. ಕೆಲವರದಕ್ಕೆ ಗುರುಗಳು ತಮ್ಮತ್ತ ನೋಡದಿರುವುದು ಕಾರಣ. ತಿಳಿಯದಿದ್ದಾಗ ‘ನನಗೆ ಅರ್ಥವಾಗಲಿಲ್ಲ’ ಎಂದೂ, ಗಮನ ಬೇಕಾದಾಗ ‘ನಾನು ಚೆನ್ನಾಗಿ ಮಾಡುತ್ತಿರುವೆನೇ?’ ಎಂದೂ ಹೇಳಲು ಕಲಿಸಿದೊಡನೆ ರಂಪ ಬಹಳ ಇಳಿಯಿತು. ಕಾರಣ ತಪ್ಪಾಗಿ ಊಹಿಸಿ ಬೇರೆ ಮಾತು ಕಲಿಸಿದಲ್ಲಿ ಇಳಿಯಲಿಲ್ಲ. ಈ ಎರಡನೆಯ ಸಂಗತಿಯೇ ಮುಖ್ಯವೆಂದು ನನ್ನ ಎಣಿಕೆ.

ಕಟ್ಟುವ ವಿಷಯದಲ್ಲಿ ಆಸ್ಟ್ರೇಲಿಯದ ನಿಯಮ ವಿಚಾರಾರ್ಹವಾಗಿದೆ. ಕಟ್ಟುವುದು, ಬಲವಾಗಿ ಹಿಡಿದಿಡುವುದು, ಒಂಟಿಯಾಗಿ ಕೂಡಿಹಾಕುವುದು, ನಡತೆಯನ್ನು ಅಡಗಿಸಲೆಂದೇ ಔಷಧ ಕೊಡುವುದು, ವಸ್ತುಗಳು ಕೈಗೆ ಸಿಗದಂತೆ ಬೀಗ ಹಾಕುವುದು ಎಂಬ ಐದನ್ನೂ ಅಲ್ಲಿಯ ವಿಕಲಾಂಗ ಸೇವೆಯಲ್ಲಿ ನಿರ್ಬಂಧಗಳೆಂದೇ ಎಣಿಸುತ್ತಾರೆ. ಇಂಥದನ್ನು ಬಳಸುವಲ್ಲಿ ತಜ್ಞರು ಒಂದು ತಿಂಗಳೊಳಗೆ ತಾತ್ಕಾಲಿಕ ಯೋಜನೆಯನ್ನೂ ಆರು ತಿಂಗಳೊಳಗೆ ಪೂರ್ಣ ಯೋಜನೆಯನ್ನೂ ಬರೆಯಬೇಕು. ನಿರ್ಬಂಧವನ್ನು ಕ್ರಮೇಣ ತೆಗೆಯುವ ಬಗೆಯೂ ಅದರಲ್ಲಿರಬೇಕು. ನಮ್ಮ ಸೀರೆಗೆ ಅಂಥ ಅವಧಿಯೇ ಇರಲಿಲ್ಲ.

ಕಳೆದ ದಸರಾ ರಜೆಯಲ್ಲಿ ನಾನೂ ಹನ್ನೆರಡು ದಿನ ಬರೆದಿಟ್ಟೆ. ನಾನು ತಜ್ಞನಲ್ಲ; ಆದರೂ ಹನ್ನೊಂದು ಸಲ ತಲೆ ಚಚ್ಚಿಕೊಂಡುದರಲ್ಲಿ ಎಂಟು ಸಲ ಪಕ್ಕದ ಹಿಟ್ಟಿನ ಗಿರಣಿ ಓಡುತ್ತಿತ್ತು. ಆ ಸದ್ದು ನಮಗೆ ಕೇಳಿಸುವುದೇ ನಿಂತುಹೋಗಿದೆ. ಈಗ ಗಿರಣಿ ಹೊರಡುವ ವೇಳೆಗೆ ಚಿಕ್ಕಮ್ಮ ಅವನನ್ನು ತೋಟದ ಕಡೆಗೆ ಕರೆದೊಯ್ಯುತ್ತಾರೆ. ಉಳಿದ ಮೂರಕ್ಕೆ ಕಾರಣ ಸಿಕ್ಕಿಲ್ಲ. ಪುಸ್ತಕ ಅವರ ಬಳಿಯೇ ಇದೆ. ಓದುಬರಹ ಬಾರದ ಕಾರಣ ಗೀಟು ಎಳೆದಿಡುತ್ತಾರೆ, ನಾನು ಊರಿಗೆ ಹೋದಾಗ ಒಂದೊಂದನ್ನೂ ತೋರಿಸಿ ವಿವರಿಸುತ್ತಾರೆ.